ಐದು ಊರು, ಒಂದೇ ಗಡ್ಡ

ನಮ್ಮ ಮಾಮಾ ದಿನಕ್ಕೆ ಐದು ಸಲ ಗಡ್ಡ ಮಾಡಿಸಿಕೊಳ್ಳುತ್ತಾರೆ. ಸೇಡಂನಲ್ಲಿ ಒಂದು, ಚಿತ್ತಾಪುರದಲ್ಲಿ ಒಂದು, ವಾಡಿಯಲ್ಲಿ ಒಂದು, ಶಹಾಬಾದದಲ್ಲಿ ಒಂದು, ಮೈಯಲ್ಲಿ ಇನ್ನೂ ಕಸುವು ಉಳಿದಿದ್ದರೆ ಚಿಂಚೋಳಿಯಲ್ಲಿ ಇನ್ನೊಂದು. ನೀವು ನಂಬುವುದಿಲ್ಲ, ಗೊತ್ತು. ಸರಿ, ಸ್ವಲ್ಪ ಜಾಸ್ತಿಯೇ ಹೇಳಿದೆ; ದಿನಕ್ಕೆ ಮೂರು. ಆದರೂ ಮೂರನೆಯ ಸಲಕ್ಕೆ ಆ ಗಲ್ಲದ ಮೇಲೆ ಕಟಿಂಗ್ ಅಂಗಡಿಯವರಿಗೆ ಏನು ಸಿಗುತ್ತದೆ, ನೀವೇ ಹೇಳಿ? ಅವರು ನೊರೆ ಹಚ್ಚುತ್ತಾರೆ, ಆ ನೊರೆಯನ್ನೇ ಕೆರೆದು ತೆಗೆಯುತ್ತಾರೆ. ಮಾಮಾ ಕನ್ನಡಿಯಲ್ಲಿ ಎಡಬಲ ನೋಡಿಕೊಂಡು "ಛಲೋ ಆತು" ಎನ್ನುತ್ತಾರೆ. ತಲೆಯ ಸುದ್ದಿ ಕೇಳಬೇಡಿ. ಅಲ್ಲಿ ಕೂದಲಿದ್ದ ಕಾಲವನ್ನು ನೋಡಿದವರು ನಮ್ಮ ಮನೆಯಲ್ಲಿ ಅಜ್ಜಿ ಒಬ್ಬರೇ.

ಮಾಮಾ ಎಂದರೆ ನನ್ನ ಅಮ್ಮನ ತಮ್ಮ. ಸರಕಾರಿ ಪ್ರೊಬೇಷನ್ ಆಫೀಸರ್. ಹಾಗೆಂದರೆ ಏನೆಂದು ಬಹಳ ಜನಕ್ಕೆ ಗೊತ್ತಿಲ್ಲ. ಹೆಣ್ಣು ಕೊಡುವಾಗ ಮಾಮಿಯ ಮನೆಯವರಿಗೂ ಗೊತ್ತಿರಲಿಲ್ಲವಂತೆ. ಯಾರೋ ಮೊದಲ ಸಲ ತಪ್ಪು ಮಾಡಿ ಸಿಕ್ಕಿಬಿದ್ದಿರುತ್ತಾರೆ. ಕೋರ್ಟಿನವರು ಅವರನ್ನು ಜೈಲಿಗೆ ಕಳಿಸದೆ, ಮುಚ್ಚಳಿಕೆ ಬರೆಸಿಕೊಂಡು, "ಒಂದು ವರ್ಷ ನೆಟ್ಟಗಿದ್ದು ತೋರಿಸು" ಎಂದು ಬಿಡುತ್ತಾರೆ. ಆ ವರ್ಷವಿಡೀ ಅವರು ನೆಟ್ಟಗಿದ್ದಾರೋ ಇಲ್ಲವೋ ಎಂದು ನೋಡಿ ಕೋರ್ಟಿಗೆ ಬರೆಯುವುದು ಮಾಮಾನ ಕೆಲಸ. ನೋಡುವುದಷ್ಟೇ ಸರಕಾರ ಹೇಳಿದ ಕೆಲಸ. ಅವರಿಗೊಂದು ದುಡಿಮೆ, ಒಂದು ಸೂರು, ಕಂಡಾಗ "ಬಾರಪಾ" ಎನ್ನುವ ನಾಲ್ಕು ಮಂದಿಯನ್ನು ಹುಡುಕಿಕೊಡುವುದು ಮಾಮಾ ತಾವೇ ಮೈಮೇಲೆ ಎಳೆದುಕೊಂಡಿದ್ದು.

ಇನ್ನು ನಾನು. ಡಿಗ್ರಿ ಮುಗಿದಿದೆ. ದೊಡ್ಡ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿದ್ದೇನೆ. ಓದು ನಿದ್ದೆಗಣ್ಣಿನಲ್ಲೂ ಆಗುವ ಕೆಲಸವಾದ್ದರಿಂದ ಮಾಮಾನ ಬೈಕು ಓಡಿಸುವ ಹೊಣೆ ನನಗೆ ಬಿತ್ತು. ಮಾಮಾಗೆ ಬೈಕು ಬರುವುದಿಲ್ಲ. ಒಮ್ಮೆ ಕಲಿಯಲು ಹೋಗಿ ನೇರ ತೊಗರಿ ಹೊಲಕ್ಕೆ ನುಗ್ಗಿಸಿದ್ದರಂತೆ. ಹೂವಾಡುವ ಕಾಲ. ಸುತ್ತಲೂ ಹಳದಿ. ಇವರು ಬೈಕು ಎತ್ತುವುದನ್ನು ಬಿಟ್ಟು ಅಲ್ಲೇ ಒಂದು ತಾಸು ಕೂತುಬಿಟ್ಟರಂತೆ. ಹೊಲದವ ಬಂದು ಬಯ್ಯಬೇಕು ಎನ್ನುವಷ್ಟರಲ್ಲಿ ಮಾಮಾ ಅವನನ್ನೇ ಕೇಳಿದರಂತೆ: "ರಾಶಿಗಿ ಆಳು ಬೇಕಾಗ್ಯಾರೇನ್ರಿ?"

ಹಿಂದಿನ ಸೀಟಿನಲ್ಲಿ ಕೂತ ಮಾಮಾ ಮಳಖೇಡ ದಾಟುವುದರೊಳಗೆ ನನ್ನ ಬೆನ್ನಿಗೆ ಹಣೆ ಹಚ್ಚಿ ನಿದ್ದೆ ಹೋಗುತ್ತಾರೆ. ಕಾಗಿಣಾ ಸೇತುವೆಯ ಗಾಳಿ ತಾಗಿದರೂ ಎಚ್ಚರವಿಲ್ಲ. ಚಿತ್ತಾಪುರ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಯಾರೋ ಓದಿ ಅರ್ಧಕ್ಕೆ ಬಿಟ್ಟ ದೊಡ್ಡ ದೊಡ್ಡ ಪುಸ್ತಕಗಳ ಹಾಗೆ. ಅವುಗಳ ಮೇಲಿನ ಬಿಳಿ ಧೂಳು ಎದ್ದು ಬಿಸಿಲಲ್ಲಿ ತೇಲುತ್ತದೆ. ದೂರದ ರಸ್ತೆ ನೀರಿನಂತೆ ನಡುಗುತ್ತದೆ. ನಾವು ಹತ್ತಿರ ಹೋದಷ್ಟೂ ಆ ನೀರು ಹಿಂದೆ ಹಿಂದೆ ಸರಿಯುತ್ತದೆ. ಅಂಥ ಹೊತ್ತಿನಲ್ಲಿ ಬೈಕು ಓಡಿಸುತ್ತಿರುವವನು ನಾನೋ, ನನ್ನ ಕನಸಿನಲ್ಲಿ ಬಂದ ಇನ್ಯಾವನೋ ಎಂಬ ಅನುಮಾನ ಬರುತ್ತದೆ. ಆಗ ಬೆನ್ನ ಹಿಂದಿನಿಂದ ಮಾಮಾನ ನಿದ್ದೆಯ ದನಿ: "ಅಲ್ಲಿ ಒಬ್ಬಾಂವ ಬೇಕಾಗ್ಯಾನ ನೋಡು."

ತಿರುಗಿ ನೋಡಿದರೆ ಒಂದು ಪಂಕ್ಚರ್ ಅಂಗಡಿ. ಎದುರಿಗೆ ಮೂರು ಗಾಡಿ ನಿಂತಿವೆ, ಇರುವವನು ಒಬ್ಬ. ಮುಚ್ಚಿದ ಕಣ್ಣಿಗೆ ಇದು ಹೇಗೆ ಕಾಣುತ್ತದೆ? ನಾನು ಕಣ್ಣು ತೆರೆದುಕೊಂಡೇ ಆ ಅಂಗಡಿಯನ್ನು ನೂರು ಸಲ ದಾಟಿದ್ದೇನೆ. ನನಗೆ ಕಂಡಿದ್ದು ಅದರ ಪಕ್ಕದ ಮಿರ್ಚಿ ಭಜಿ ಬಂಡಿ.

"ಮಾಮಾ, ಎಲ್ಲಾರೂ ಮಂದಿ ಹುಡುಕಲಿಕ್ಕಿ ಪಂಚಾಯತಿಗಿ ಹೋಗ್ತಾರ. ನೀವ್ಯಾಕ ಕಟಿಂಗ್ ಅಂಗಡಿಗಿ ಹೋಗ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ಪಂಚಾಯತಿಯೊಳಗ ಕುಂತು ಮಂದಿ ಏನು ಬೇಕಾದ್ದು ಮಾತಾಡ್ತಾರ. ಕುತಿಗಿ ಮ್ಯಾಲ ಬ್ಲೇಡ್ ಇದ್ದಾಗ ಯಾವಾಂವ ಸುಳ್ಳು ಹೇಳ್ತಾನೋ?"

ಮಾತಿನಲ್ಲಿ ಖರೆ ಇತ್ತು. ಯಾರ ಮನೆಯಲ್ಲಿ ಮುನಿಸು, ಯಾರ ಗಿರಣಿಯಲ್ಲಿ ಆಳು ಬಿಟ್ಟು ಹೋಗಿದ್ದಾನೆ, ಯಾವ ಸಾಹುಕಾರ ಬಾಯಲ್ಲಿ ಕೆಂಡ ಉಗುಳಿದರೂ ಒಳಗೆ ಬೆಣ್ಣೆ, ಎಲ್ಲವೂ ಆ ತಿರುಗುವ ಕುರ್ಚಿಗೆ ಗೊತ್ತು. ಆದರೆ ಸುಮ್ಮನೆ ಹೋಗಿ ಕೂತು ಸುದ್ದಿ ಕೇಳುವುದು ಮಾಮಾಗೆ ಸರಿಬರುವುದಿಲ್ಲ. ದುಡಿಯುವವರ ಹೊತ್ತು ಹಾಳು ಮಾಡಬಾರದಂತೆ. ಅದಕ್ಕೇ ಗಡ್ಡ.

ಮಾಮಿಗೆ ಇದೊಂದು ಗೋಳು. "ಮನ್ಯಾಗ ಸಾಲಿಗ್ರಾಮದ ಪೂಜಾ ಮಾಡೋ ಗಂಡಸು. ದಿನಕ್ಕ ಮೂರು ಸಲ ಕ್ಷೌರ ಆತಂದ್ರ ಮೂರು ಸಲ ಸ್ನಾನ. ನಲ್ಲಿ ಬರೋದು ಮೂರು ದಿನಕ್ಕೊಮ್ಮೆ. ನಾ ಎಲ್ಲಿಂದ ತರ್ಲಿ ನೀರು?"

"ಚಿತ್ತಾಪುರದಾಗ ಒಬ್ಬಾಂವ ಬೋರ್‌ವೆಲ್ ರಿಪೇರಿಯವ ಇದ್ದಾನ," ಎಂದರು ಮಾಮಾ ಕಣ್ಣು ಅರ್ಧ ಮುಚ್ಚಿಕೊಂಡು. "ಭಾಳ ಛಲೋ ಹುಡುಗ. ಹೋದ ವರ್ಷ ಮುಚ್ಚಳಿಕೆ ಮುಗೀತು."

ಮಾಮಿ ಒಳಗೆ ಹೋಗಿ ಪಾತ್ರೆಗಳ ಜೊತೆ ಮಾತಾಡತೊಡಗಿದರು.

ಒಮ್ಮೆ ಮೇಲಿನ ಸಾಹೇಬರಿಂದ ಕಾಗದ ಬಂತು. ಸಮುದಾಯದ ಸಹಭಾಗಿತ್ವ ಬೆಳೆಸಬೇಕು, ಊರಿನ ಗಣ್ಯರ ಸಭೆ ಕರೆಯಬೇಕು, ಸಾಹೇಬರೇ ಖುದ್ದು ಬರುತ್ತಾರೆ. ಮಾಮಾ ಸಭೆ ಕರೆದರು. ನಾನು ಶಾಲು, ಹಾರ ಎಲ್ಲ ತಂದೆ. ಸಾಹೇಬರು ಬಂದು ನೋಡಿದರೆ ಮುಂದಿನ ಸಾಲಿನಲ್ಲಿ ನಾಲ್ಕು ಊರಿನ ಕಟಿಂಗ್ ಅಂಗಡಿಯವರು, ಹಿಟ್ಟಿನ ಗಿರಣಿಯ ಒಬ್ಬ ಅಮ್ಮ, ಮೈತುಂಬ ಹಿಟ್ಟು ಸಮೇತ. ಸಾಹೇಬರು ಮಾಮಾನ ಕಿವಿಯ ಹತ್ತಿರ ಬಗ್ಗಿ, "ಗಣ್ಯರು ಇನ್ನೂ ಬಂದಿಲ್ಲೇನ್ರಿ?" ಎಂದರು.

"ಬಂದಾರಲ್ರಿ. ಇವರ ಮುಂದ ತಲಿ ಬಗ್ಗಸಲಾರದ ಗಣ್ಯರು ನಮ್ಮ ಊರಾಗ ಯಾರಿದ್ದಾರ್ರಿ?"

ಸಾಹೇಬರು ತಮ್ಮ ಕ್ರಾಪಿನ ಮೇಲೆ ಕೈಯಾಡಿಸಿಕೊಂಡು ಕೂತರು. ನಾನು ಹಾರ ಹಾಕಲು ಹೋಗಿ ಗಡಿಬಿಡಿಯಲ್ಲಿ ಸಾಹೇಬರ ಡ್ರೈವರನಿಗೆ ಹಾಕಿದೆ. ಅವನು ಸಭೆ ಮುಗಿಯುವವರೆಗೂ ಅದನ್ನು ತೆಗೆಯಲಿಲ್ಲ.

ಇಷ್ಟೆಲ್ಲ ಹೇಳಿದ್ದು ಭೀಮಶಾನ ಸಂಗತಿಗೆ ಬರಲು.

ಭೀಮಶಾ ರಾವೂರದವನು. ಖಣಿಯಲ್ಲಿ ಕಲ್ಲು ಕೊಯ್ಯುವ ಮಷಿನ್ ಓಡಿಸುತ್ತಿದ್ದ. ಒಂದು ದಿನ ಆ ಮಷಿನ್ನಿನ ತಾಮ್ರದ ವೈರನ್ನು ಕಿತ್ತು ಗುಜರಿಗೆ ಮಾರಿದ. ನನ್ನ ದಡ್ಡತನದ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಭೀಮಶಾನ ಮುಂದೆ ನಾನು ಏನೂ ಅಲ್ಲ. ಅವನು ಕದ್ದಿದ್ದು ತಾನೇ ಓಡಿಸುವ ಮಷಿನ್ನಿನ ವೈರು. ಮರುದಿನ ಕೆಲಸಕ್ಕೆ ಬಂದು, ಮಷಿನ್ ಯಾಕೆ ಚಾಲೂ ಆಗುತ್ತಿಲ್ಲವೆಂದು ಮಾಲೀಕರ ಜೊತೆ ಸೇರಿ ಅರ್ಧ ದಿನ ಹುಡುಕಿದ. ಕೊನೆಗೆ ತಾನೇ ತಾಳಲಾರದೆ ಅತ್ತುಬಿಟ್ಟ. ಯಾಕೆ ಕದ್ದೆ ಎಂದರೆ "ತಲಿ ಕೆಟ್ಟಿತ್ರಿ" ಎನ್ನುತ್ತಾನೆ, ಅಷ್ಟೇ.

ಕೋರ್ಟು ಅವನನ್ನು ಒಂದು ವರ್ಷದ ಮುಚ್ಚಳಿಕೆಯ ಮೇಲೆ ಬಿಟ್ಟಿತು. ರಾವೂರದ ಖಣಿಗಳಲ್ಲಿ ಅವನನ್ನು ಒಳಗೆ ಬಿಡುವವರಿರಲಿಲ್ಲ. ಹೆಂಡತಿ ಕೂಸನ್ನು ಎತ್ತಿಕೊಂಡು ತವರೂರು ಭಂಕೂರಕ್ಕೆ ಹೋಗಿದ್ದಳು. "ನೆಟ್ಟಗ ದುಡೀಲಿಕತ್ತ ಮ್ಯಾಲ ಬರ್ತೀನಿ, ಅಲ್ಲೀತನ ನನ್ನ ಕೂಸಿನ ಮುಖ ನೋಡಬ್ಯಾಡ" ಎಂದು ಹೇಳಿ ಕಳಿಸಿದ್ದಳು. ಭೀಮಶಾ ವಾಡಿ ಸ್ಟೇಷನ್ನಿನ ಸುತ್ತ ಅಲೆಯುತ್ತಿದ್ದ. ತಿಂಗಳ ಕೊನೆಗೆ ಮಾಮಾ ಕೋರ್ಟಿಗೆ ವರದಿ ಕೊಡಬೇಕಿತ್ತು.

"ಕೆಲಸಾನೂ ಇಲ್ಲ, ಇರೋ ಜಾಗಾನೂ ಇಲ್ಲ ಅಂತ ನಾ ಬರದ್ರ, ಜಡ್ಜ್ ಸಾಹೇಬ್ರು ತಿರುಗಿ ಕರೀತಾರ," ಎಂದರು ಮಾಮಾ. "ಆಮ್ಯಾಲ ಜೈಲೇ."

"ಸುಳ್ಳು ಬರೀರಿ ಮಾಮಾ, ಕೆಲಸ ಸಿಕ್ಕದಂತ."

ಮಾಮಾ ಭೀಮಶಾನಿಗೆ ತಮ್ಮ ಒಂದು ಬಿಳಿ ಅಂಗಿ ಕೊಟ್ಟರು, ಇಸ್ತ್ರಿ ಮಾಡಿದ್ದು. ಕೈಗೆ ತಮ್ಮ ಫೈಲು ಕೊಟ್ಟು ಹಿಡಿದುಕೋ ಎಂದರು. ಅಲ್ಲಿಂದ ಒಂದು ಬೈಕಿನ ಮೇಲೆ ನಾವು ಮೂವರ ತಿರುಗಾಟ ಶುರುವಾಯಿತು. ನಾನು ಮುಂದೆ, ನಿದ್ದೆ ಮಾಡುವ ಮಾಮಾ ನಡುವೆ, ಫೈಲು ಹಿಡಿದ ಭೀಮಶಾ ಹಿಂದೆ. ಪೊಲೀಸರು ಕಂಡಾಗಲೆಲ್ಲ ನಾನು ಎರಡು ಹೊಲ ಸುತ್ತಿ ಹೋಗುತ್ತಿದ್ದೆ. ಮೂವರಲ್ಲಿ ಕಾನೂನಿಗೆ ಹೆದರುತ್ತಿದ್ದವನು ನಾನೊಬ್ಬನೇ.

ಮೊದಲು ಚಿತ್ತಾಪುರದ ಗಿರಣಿಯ ಅಮ್ಮ. ಹಿಟ್ಟಿನ ಚೀಲ ಎತ್ತಲು ಅವರಿಗೆ ಆಳು ಬೇಕಿತ್ತು. ಮಾಮಾ ನನಗೆ ಮೊದಲೇ ತಾಕೀತು ಮಾಡಿದ್ದರು: "ಮಾತು ನಾ ಆಡ್ತೀನಿ. ನೀ ಸುಮ್ಮ ಕುಂದ್ರು." ಮಾಮಾ ಮಾತಾಡಲು ಶುರುಮಾಡುವ ಮೊದಲು ಒಂದು ದೊಡ್ಡ ಮೌನ ಬಿಡುತ್ತಾರೆ. ಗಿರಣಿ ಗುಂಯ್ ಎನ್ನುತ್ತಿತ್ತು. ಗಾಳಿಯಲ್ಲಿ ಜೋಳದ ಹಿಟ್ಟು ಹಿಮದ ಹಾಗೆ ಇಳಿಯುತ್ತಿತ್ತು. ನಮ್ಮ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ ಮೂವರೂ ಒಂದೇ ವಯಸ್ಸಿನ ಮುದುಕರಾದೆವು. ಎಷ್ಟು ಚೆಂದದ ಮೌನ. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ಇವ ಭಾಳ ಒಳ್ಳೆ ಹುಡುಗ ಇದ್ದಾನ್ರಿ," ಎಂದೆ. "ಕಳವು ಮಾಡೋದು ಪೂರಾ ಬಿಟ್ಟಾನ್ರಿ."

ಗಿರಣಿ ನಿಂತಿತು. ಅಮ್ಮ ಮೆಲ್ಲಗೆ ಎದ್ದು ಒಳಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಚಾ ಕುಡೀತೀರೇನ್ರಿ?" ಎಂದರು. ಚಹಾ ಚೆನ್ನಾಗಿತ್ತು. ಕೆಲಸ ಸಿಗಲಿಲ್ಲ.

ಹೊರಗೆ ಬಂದ ಮೇಲೆ ನಾನು ಭೀಮಶಾನ ಮುಖ ನೋಡಲಿಲ್ಲ. ಅವನೇ ನನ್ನ ಅಂಗಿಯ ಮೇಲಿನ ಹಿಟ್ಟು ಕೊಡವಿ, "ಇರ್ಲಿ ಬಿಡ್ರಿ ಅಣ್ಣಾರ, ಖರೇನೇ ಹೇಳೀರಿ," ಎಂದ. ಅವನು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಚಿಂಚೋಳಿಗೂ ಹೋದೆವು. ಅಲ್ಲಿ ಒಬ್ಬರು ಖಾನಾವಳಿಯವರು, ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಅಂತಃಕರಣ. ಹಿಂದಿನದು ಏನು, ಎತ್ತ ಎಂದು ಕೇಳದೆ ಭೀಮಶಾನನ್ನು ರೊಟ್ಟಿಯ ಒಲೆಯ ಮುಂದೆ ಕೂರಿಸಿದರು. ಭೀಮಶಾ ಹಿಟ್ಟು ತಟ್ಟಿದ. ರೊಟ್ಟಿ ನಾಲ್ಕು ಮೂಲೆಯದಾಯಿತು. ಎರಡನೆಯದೂ ನಾಲ್ಕು ಮೂಲೆ. ಅಂಚು ಮಾತ್ರ ಗೆರೆ ಎಳೆದಷ್ಟು ನೇರ.

"ಏಮಪ್ಪಾ, ಇದೇನು ಫರಸಿ ಹಾಸಲಿಕತ್ತೀ?" ಎಂದರು ಅವರು.

"ನನಗ ಕಲ್ಲು ಬಿಟ್ರ ಬ್ಯಾರೆ ಬರಂಗಿಲ್ರಿ," ಎಂದ ಭೀಮಶಾ. ಆ ಮಾತಿನಲ್ಲಿ ನಾಚಿಕೆಯೂ ಇತ್ತು, ಇನ್ನೂ ಏನೋ ಇತ್ತು.

ತಿರುಗಿ ಬರುವಾಗ ಗುಡ್ಡದ ಕಡೆಯಿಂದ ತಂಪು ಗಾಳಿ. ಮಾಮಾ ನಿದ್ದೆಯಲ್ಲಿ ಮಾತಾಡಲಿಲ್ಲ. ಹಿಂದಿನಿಂದ ಭೀಮಶಾನ ದನಿ ಮಾತ್ರ ಬಂತು: "ಅಣ್ಣಾರ, ನನ್ನ ಕೂಸು ಈಗ ಅಂಬೆಗಾಲ ಇಡ್ತಿರಬೇಕಲ್ರಿ?" ನನಗೆ ಕೂಸುಗಳ ಬಗ್ಗೆ ಏನೂ ಗೊತ್ತಿಲ್ಲ. ಆದರೂ "ಹ್ಞೂಂ, ಓಡ್ಲಿಕತ್ತಿರ್ತದ" ಎಂದೆ. ಅವನು ಗಾಬರಿಯಾಗಿ ವಾಡಿ ಬರುವವರೆಗೆ ಬಾಯಲ್ಲೇ ತಿಂಗಳು ಎಣಿಸುತ್ತ ಬಂದ.

ವರದಿಗೆ ನಾಲ್ಕು ದಿನ ಉಳಿದಿತ್ತು. ಅಂದು ಶಹಾಬಾದದ ಕಟಿಂಗ್ ಅಂಗಡಿಯಲ್ಲಿ ಮಾಮಾನ ಗಲ್ಲಕ್ಕೆ ನೊರೆ ಹಚ್ಚುತ್ತ ಅಂಗಡಿಯವರು ಹೇಳಿದರು: "ಕಲ್ಲು ಪಾಲಿಶ್ ಮಾಡೋ ಚಾಚಾ ಅವ್ರ ಹಂತೇಲಿ ಕಲ್ಲಿನ ಅಂಚು ಹೊಡಿಯಾಂವ ಬಿಟ್ಟು ಹೋಗ್ಯಾನ್ರಿ. ನಾ ನಿಮ್ಮ ವಿಷಯ ಹೇಳೀನಿ. ಒಬ್ಬ ಕೇಸಿನವನ್ನ ಕರ್ಕೊಂಡು ಬರ್ತಾರ, ನೋಡ್ರಿ ಅಂದೀನಿ."

ಅಂಗಡಿಯವರ ಕೈ ಖಾಲಿಯಾದಾಗ ನಾನೂ ಕುರ್ಚಿ ಹತ್ತಲು ಹೋದೆ. ವಾರದ ಗಡ್ಡ, ತುರಿಕೆ. ಮಾಮಾ ನನ್ನ ಕಾಲರ್ ಹಿಡಿದು ಇಳಿಸಿದರು. "ನಿನಗ್ಯಾಕ ಈಗ? ನಡಿ ನಡಿ."

ಚಾಚಾ ಅವರ ಪಾಲಿಶ್ ಶೆಡ್ಡಿನಲ್ಲಿ ನೀರು ಹರಿಯುವ ಸದ್ದು. ಕಲ್ಲಿನ ಹಾಲು ಕಾಲುವೆಯಲ್ಲಿ ಬೆಳ್ಳಗೆ ಹರಿಯುತ್ತಿತ್ತು. ಮಾಮಾ ಒಂದು ಕುರ್ಚಿ ಕಂಡ ಕೂಡಲೇ ಕೂತು ಕಣ್ಣು ಮುಚ್ಚಿದರು. ಚಾಚಾ ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿದರು. ಒಬ್ಬ ಇಸ್ತ್ರಿಯ ಬಿಳಿ ಅಂಗಿ, ಕೈಯಲ್ಲಿ ಸರಕಾರಿ ಫೈಲು, ನೆಲ ನೋಡುವ ಕಣ್ಣು. ಇನ್ನೊಬ್ಬ ಮೊಣಕಾಲ ಹತ್ತಿರ ಹರಿದ ಜೀನ್ಸು, ವಾರದ ಗಡ್ಡ, ತಲೆಯ ತುಂಬ ಧೂಳು. ಫ್ಯಾಶನ್ನಿಗೆ ಹರಿದ ಜೀನ್ಸಿಗೂ ಬದುಕು ಹರಿದ ಜೀನ್ಸಿಗೂ ಇರುವ ಫರಕು ಚಾಚಾ ಅವರಿಗೆ ಹೇಗೆ ತಿಳಿಯಬೇಕು?

ಅವರು ಮೇಜಿನ ಮೇಲಿದ್ದ ಮೊಬೈಲನ್ನು ನನ್ನ ಕಡೆಯಿಂದ ತಮ್ಮ ಕಡೆಗೆ ಸರಿಸಿಕೊಂಡರು. ಭೀಮಶಾನಿಗೆ, "ಸಾಬ್, ಬರ್ರಿ, ಮ್ಯಾಲ ಕುಂದರ್ರಿ," ಎಂದರು. ನನಗೆ, "ನೀ ನಿಂದ್ರು. ತಾಯಿ ತಂದಿ ಇದ್ದಾರ?" ಎಂದರು.

"ಇದ್ದಾರ್ರಿ."

"ಅವ್ರ ಹೊಟ್ಟಿ ಯಾಕ ಉರಸ್ತಿ ಬೇಟಾ? ಛಲೋ ಮನೆತನದಾಂವ ಕಾಣ್ತಿ. ಮಂದಿ ಸಾಮಾನಿಗಿ ಕೈ ಹಚ್ಚಬಾರದು."

ನಾನು ಮಾಮಾನ ಕಡೆ ನೋಡಿದೆ. ಅವರ ಗೊರಕೆ ಮೆಲ್ಲಗೆ ಶುರುವಾಗಿತ್ತು. ಹೌದೆನ್ನಲೋ, ಇಲ್ಲೆನ್ನಲೋ? ತಡವರಿಸಿದ್ದೇ ತಪ್ಪಾಯಿತು. "ನೋಡ್ರಿ, ಮಾರಿ ತಿರುವ್ತಾನ," ಎಂದು ಚಾಚಾ ಭೀಮಶಾನಿಗೆ ದೂರು ಹೇಳಿದರು. ಒಂದು ವಾರ ತಿರುಗಿದ ಮೇಲೆ ನನಗೂ ಒಂದು ಸಂಶಯ ಹುಟ್ಟಿತು: ನಾನೇ ಏನಾದರೂ ಕದ್ದು ಮರೆತಿದ್ದೇನೆಯೇ?

ಭೀಮಶಾನ ಕಣ್ಣು ಅಷ್ಟರಲ್ಲಿ ಪಕ್ಕದಲ್ಲಿ ನಿಲ್ಲಿಸಿದ್ದ ಕಲ್ಲಿನ ಮೇಲೆ ಹೋಗಿತ್ತು. ಎದ್ದು ಹೋಗಿ ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಮಲಗಿದ ಕೂಸಿನ ಹಣೆ ಸವರುವ ಹಾಗೆ. "ಈ ಮೂಲ್ಯಾಗ ಸ್ವಲ್ಪ ಉಳದದ್ರಿ," ಎಂದ.

ಚಾಚಾ ಎದ್ದು ಬಂದು ಮುಟ್ಟಿ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. "ಅರೇ, ನನಗೇ ಗೊತ್ತಾಗಿದ್ದಿಲ್ಲ. ಸಾಬ್, ಇಂಥ ಕೈ ಸಿಕ್ಕಿದ್ರ ನಾ ನಾಳಿಂದನೇ ಇಟ್ಕೊತಿದ್ದೆ. ಹಿಂದಿನ ಖೋಲಿನೂ ಕೊಡ್ತಿದ್ದೆ." ನನ್ನ ಕಡೆ ಬೆರಳು ತೋರಿಸಿ, "ಇಂವ ಮಾತ್ರ ಬ್ಯಾಡ್ರಿ," ಎಂದರು.

ಇನ್ನೇನು, ಮಾಮಾ ಕಣ್ಣು ತೆರೆದು "ಹಂಗಾದ್ರ ನಾಳೆ ಕಳಸ್ತೀನಿ" ಎಂದರೆ ಮುಗಿಯಿತು. ಮಾಮಾ ಕಣ್ಣು ತೆರೆಯಲಿಲ್ಲ. ಮಾತಾಡಿದವನು ಭೀಮಶಾ. ಫೈಲನ್ನು ಕುರ್ಚಿಯ ಮೇಲಿಟ್ಟ.

"ಚಾಚಾ, ಕದ್ದಾಂವ ನಾ ಇದ್ದೀನ್ರಿ. ಈ ಅಣ್ಣಾರು ಏನೂ ಮಾಡಿಲ್ರಿ."

ಮುಗಿದೇ ಹೋಯಿತು ಎಂದುಕೊಂಡೆ. ಸೊಂಟಕ್ಕೆ ಸಿಕ್ಕಿಸಿದ ಗಿರಣಿಯ ಬೀಗದ ಕೈ ಕಣ್ಣ ಮುಂದೆ ಬಂತು. ಮಾಮಾನ ಗೊರಕೆ ನಿಂತಿತ್ತು. ಅವರು ಉಸಿರಾಡುತ್ತಿದ್ದರೋ ಇಲ್ಲವೋ.

ಚಾಚಾ ಕನ್ನಡಕ ತೆಗೆದು ಕೇಳಿದರು: "ಏನ್ ಕದ್ದಿ?"

"ವೈರ್ ರೀ. ಮಷಿನಿಂದು."

"ಯಾರು ಓಡಸೋ ಮಷಿನು?"

"ನಾನೇ ಓಡಸ್ತಿದ್ದೆ ರೀ."

ಚಾಚಾ ಅವನನ್ನೇ ನೋಡಿದರು. ಗಡ್ಡದೊಳಗೆ ಏನೋ ಅಲುಗಿತು. ಆಮೇಲೆ ಮೈ ಕುಲುಕಿಸಿ ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು. "ಹಂಗಾದ್ರ ನನಗೇನು ಚಿಂತಿ? ನನ್ನ ಮಷಿನಿನ ವೈರ್ ಹೋದ್ರ ಹುಡುಕಲಿಕ್ಕಿ ದೂರ ಹೋಗೋದಿಲ್ಲ." ನಗು ನಿಂತ ಮೇಲೆ ಮೆಲ್ಲಗೆ, "ಒಪ್ಕೊಳ್ಳದಿದ್ರೂ ನಡೀತಿತ್ತಲ್ಲೋ, ಯಾಕ ಹೇಳ್ದಿ?" ಎಂದರು.

"ಈ ಅಣ್ಣಾರ ಮಾರಿ ನೋಡಲಿಕ್ಕಿ ಆಗಲಿಲ್ರಿ," ಎಂದ ಭೀಮಶಾ.

"ನಾಳೆ ಮುಂಜಾನೆ ಬಾ," ಎಂದರು ಚಾಚಾ.

ಭೀಮಶಾನನ್ನು ಖೋಲಿ ನೋಡಲು ಅಲ್ಲೇ ಬಿಟ್ಟು, ಹೊರಗೆ ಬಂದು ಬೈಕಿಗೆ ಕಿಕ್ ಹೊಡೆಯುತ್ತ, "ಮಾಮಾ, ನೀವು ನಿದ್ದಿ ಮಾಡಿದ್ದಿಲ್ಲ," ಎಂದೆ. "ನನ್ನ ಕಟಿಂಗ್ ಕುರ್ಚಿಯಿಂದ ಇಳಿಸಿದ್ದೂ ಇದಕ್ಕೇ."

"ನಾ ಯಾರಿಗೂ ಏನೂ ಹೇಳಿಲ್ಲ," ಎಂದರು ಮಾಮಾ. "ಅವ್ರು ಮೊದ್ಲು ಭೀಮಶಾನ ಕೈಕೆಲಸ ನೋಡ್ಲಿ ಅಂತಿದ್ದೆ. ಅಂವ ಬಾಯಿ ಬಿಡ್ತಾನ ಅಂತ ನನಗೂ ಗೊತ್ತಿದ್ದಿಲ್ಲೋ." ಸ್ವಲ್ಪ ದೂರ ಹೋದ ಮೇಲೆ ಬೆನ್ನಿಗೆ ಹಣೆ ತಾಗಿತು. "ಆದ್ರೂ ನಿನ್ನ ಮಾರಿ ಈ ಕೆಲಸಕ್ಕ ಭಾಳ ಉಪಯೋಗದ್ದು."

ವರದಿ ಹೋಯಿತು. ಕೆಲಸ ಇದೆ, ಇರಲು ಜಾಗ ಇದೆ, ಎರಡೂ ಖರೆ. ಮುಂದಿನ ತಿಂಗಳುಗಳಲ್ಲಿ ನಾವು ಆಗಾಗ ಆ ಶೆಡ್ಡಿಗೆ ಹೋದೆವು. ಭಂಕೂರ ಅಲ್ಲಿಂದ ಕೂಗಳತೆ. ಆದರೂ ಅವನ ಹೆಂಡತಿ ಬರಲು ಎಂಟು ತಿಂಗಳು ತೆಗೆದುಕೊಂಡಳು. ಬರುವ ಮೊದಲು ಮೂರು ಸಲ ತಮ್ಮನನ್ನು ಕಳಿಸಿ, ಗಂಡ ನಿಜವಾಗಿಯೂ ದುಡಿಯುತ್ತಿದ್ದಾನೋ ಎಂದು ನೋಡಿಸಿದ್ದಳಂತೆ. ನಮ್ಮ ಇಲಾಖೆಗೆ ಅಂಥವರು ಬೇಕು ಎಂದು ಮಾಮಾ ಬಹಳ ದಿನ ಹೇಳಿದರು. ವರ್ಷ ತುಂಬಿತು, ಮುಚ್ಚಳಿಕೆ ಮುಗಿಯಿತು.

ಅದಾಗಿ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ. ಮಾಮಿ ಬರುವ ರೈಲಿಗಾಗಿ ನಾನೂ ಮಾಮಾನೂ ವಾಡಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದೆವು. ಆ ತುದಿಯಿಂದ ಏಳೆಂಟು ಜನ ನಗುತ್ತ ಬರುತ್ತಿದ್ದರು. ಎಲ್ಲರೂ ಕಲ್ಲಿನ ಕೆಲಸದವರು, ಯಾವುದೋ ಮದುವೆಗೆ ಹೊರಟ ಹೊಸ ಬಟ್ಟೆ. ನಡುವೆ ಭೀಮಶಾ. ಹೆಗಲ ಮೇಲೆ ಕೂಸು, ಪಕ್ಕದಲ್ಲಿ ಹೆಂಡತಿ.

ನಾನು ಎದ್ದು "ಭೀ..." ಎಂದೆ. ಅಷ್ಟೇ. ಮಾಮಾನ ಕೈ ನನ್ನ ಮಣಿಕಟ್ಟನ್ನು ಹಿಡಿದು ಕೆಳಗೆ ಎಳೆಯಿತು. ಅವರು ಅಷ್ಟು ಚುರುಕಾಗಿದ್ದನ್ನು ನಾನು ಎಂದೂ ನೋಡಿಲ್ಲ.

ಭೀಮಶಾ ನಮ್ಮಿಂದ ಎರಡು ಮಾರು ದೂರದಲ್ಲಿ ಹಾದುಹೋದ. ಅವನ ಕಣ್ಣು ಮಾಮಾನ ಮೇಲೆ ಬಿತ್ತು, ಹಾಗೇ ಆಚೆ ಸರಿಯಿತು. ಜೊತೆಯವನೊಬ್ಬ ಕೇಳಿದ: "ಆ ಬಾಕಿನ ಮ್ಯಾಲಿನ ಸಾಹೇಬ್ರು ಯಾರಲೇ? ನಿನ್ನೇ ನೋಡಲಿಕತ್ತಾರ."

"ಗೊತ್ತಿಲ್ಲಪಾ," ಎಂದ ಭೀಮಶಾ. "ಯಾರೋ ಏನೋ."

ನನ್ನ ಮೈ ಉರಿಯಿತು. "ನೋಡಿದ್ರೇನು ಮಾಮಾ? ಎಷ್ಟು ಊರು ತಿರುಗೀವಿ ಇವನ ಸಲುವಾಗಿ. ಗುರುತೇ ಇಲ್ಲ ಅಂತಾನ."

"ನಾನೇ ಹೇಳಿಕೊಟ್ಟೀನಿ," ಎಂದರು ಮಾಮಾ. "ಮುಚ್ಚಳಿಕೆ ಮುಗಿಯೋ ದಿನ ಎಲ್ಲಾರಿಗೂ ಹೇಳ್ತೀನಿ. ಗುರುತು ಅಂದ್ರ, ಹ್ಯಾಂಗ ಗುರುತು ಅಂತ ಕೇಳ್ತಾರಲ್ಲೋ ಮಂದಿ."

ಎಲ್ಲರಿಗೂ ಎಂದರೆ ಎಷ್ಟು ಜನ? ಎಷ್ಟು ವರ್ಷ, ಎಷ್ಟು ಸಂತೆ, ಎಷ್ಟು ಪ್ಲಾಟ್‌ಫಾರ್ಮು? ಮಾಮಾನ ಕೈ ಇನ್ನೂ ನನ್ನ ಮಣಿಕಟ್ಟಿನ ಮೇಲೇ ಇತ್ತು, ಬಿಗಿಯಾಗಿ.

ಅವರೆಲ್ಲ ಬೆನ್ನು ತಿರುಗಿಸಿ ಮುಂದೆ ಹೋಗುತ್ತಿದ್ದರು. ಭೀಮಶಾನ ಹೆಗಲ ಮೇಲಿನ ಕೂಸು ಮಾತ್ರ ಹಿಂದಕ್ಕೆ ಮುಖ ಮಾಡಿ ನಮ್ಮನ್ನೇ ನೋಡುತ್ತಿತ್ತು. ಅದಕ್ಕಿನ್ನೂ ಸರಿಯಾಗಿ ಮಾತು ಬಂದಿರಲಿಕ್ಕಿಲ್ಲ. ಮಾಮಾ ಒಮ್ಮೆ ಆಚೆ ಈಚೆ ನೋಡಿದರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕೈ ಬಿಟ್ಟು, ತಮ್ಮ ಚೀಲದ ಮರೆಯಲ್ಲಿ ಐದೂ ಬೆರಳು ಎತ್ತಿ ಮೆಲ್ಲಗೆ ಆಡಿಸಿದರು.

ಕೂಸು ಸ್ವಲ್ಪ ಹೊತ್ತು ನೋಡಿತು. ಆಮೇಲೆ ಅಪ್ಪನ ಬೆನ್ನ ಮೇಲಿನಿಂದ ತನ್ನ ಮುಷ್ಟಿಯನ್ನು ಬಿಚ್ಚಿ, ಮುಚ್ಚಿ, ಬಿಚ್ಚಿತು.